ನಿಮಗಿದು ಗೊತ್ತೇ?: ಒಂದೇ ಬಲ್ಬಿನ ಕೆಳಗೆ ಅಣ್ಣನೂ ತಮ್ಮನೂ

ಸಂತೆಯಿಂದ ಹತ್ತು ಗಿರಿರಾಜ ಮರಿ ತಂದು ರಟ್ಟಿನ ಡಬ್ಬಕ್ಕೆ ಬಿಟ್ಟದ್ದಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಬುಟ್ಟಿ ಕಟ್ಟಿಕೊಂಡ ಸೈಕಲ್ಲಿನವನು ಬೀದಿಯಲ್ಲಿ ಕೂಗಿದ, ಮಕ್ಕಳು ಹಟ ಹಿಡಿದರು, ಇನ್ನೈದು ಮರಿ ಮನೆಯೊಳಗೆ ಬಂದವು. ಇರುವುದೊಂದೇ ಡಬ್ಬ, ಒಂದೇ ಬಲ್ಬು. "ಎಲ್ಲವೂ ಮರಿಗಳೇ ತಾನೆ, ಒಟ್ಟಿಗಿರಲಿ ಬಿಡು" ಅನ್ನಿಸುವುದು ಸಹಜ. ಹೊಸಬರನ್ನು ಡಬ್ಬದೊಳಗೆ ಇಳಿಸುವ ಮುನ್ನ ಇಷ್ಟು ಓದಿಬಿಡಿ.

ಮೊಟ್ಟೆಯಿಂದಲೇ ಶುರುವಾಗುವ ಲೆಕ್ಕ

● ಹತ್ತು ಹನ್ನೆರಡು ಮೊಟ್ಟೆ ಇಡಲು ನಾಟಿ ಹ್ಯಾಟೆಗೆ ಎರಡು ವಾರವೇ ಹಿಡಿಯಬಹುದು. ಆದರೂ ಮರಿಗಳೆಲ್ಲ ಹೆಚ್ಚು ಕಡಿಮೆ ಒಂದೇ ದಿನ ಹೊರಬರುತ್ತವೆ. ಗುಟ್ಟು ಇಷ್ಟೇ: ಮೊಟ್ಟೆ ಇಟ್ಟ ಕೂಡಲೇ ಅದು ಕಾವಿಗೆ ಕೂರುವುದಿಲ್ಲ. ಗೂಡು ತುಂಬುವ ತನಕ ಮೊಟ್ಟೆಯೊಳಗಿನ ಜೀವ ತಣ್ಣಗೆ ಮಲಗಿರುತ್ತದೆ. ತಾಯಿ ಕಾವಿಗೆ ಕೂತ ದಿನದಿಂದ ಎಲ್ಲಕ್ಕೂ ಒಂದೇ ಗಡಿಯಾರ, 21 ದಿನ.

● ಕಡುಬೇಸಿಗೆಯಲ್ಲಿ ಈ ಗಡಿಯಾರ ಕೈಕೊಡುತ್ತದೆ. ಸೆಕೆಗೆ ಮೊಟ್ಟೆಯೊಳಗಿನ ಜೀವ ಅರೆಬರೆ ಎಚ್ಚೆತ್ತು, ಬೆಳೆಯಲೂ ಆಗದೆ ಮಲಗಲೂ ಆಗದೆ ಸೊರಗುತ್ತದೆ. ಮರಿಗೆಂದು ತೆಗೆದಿಟ್ಟ ಮೊಟ್ಟೆಯನ್ನು ರಾಗಿ ಡಬ್ಬದಲ್ಲಿ ಹುದುಗಿಸಿ ಒಳಕೋಣೆಯ ತಂಪಿನಲ್ಲಿಡುವುದು ಸುಮ್ಮನೆ ಬಂದ ರೂಢಿಯಲ್ಲ.

● ಗೌಜಲಕ್ಕಿಗೆ 17ರಿಂದ 18 ದಿನ, ಕೋಳಿಗೆ 21, ಬಾತಿಗೂ ಟರ್ಕಿಗೂ 28. ಆದ್ದರಿಂದ ಹ್ಯಾಟೆಯ ಕೆಳಗೆ ಬಾತಿನ ಮೊಟ್ಟೆಯನ್ನೂ ಕೋಳಿ ಮೊಟ್ಟೆಯನ್ನೂ ಕೂರಿಸುವವರು ಬಾತಿನದ್ದನ್ನು ಏಳು ದಿನ ಮೊದಲೇ ಇಡಬೇಕು. ಒಟ್ಟಿಗೆ ಇಟ್ಟರೆ ಕೋಳಿಮರಿ ಎದ್ದ ಕೂಡಲೇ ತಾಯಿ ಎದ್ದು ನಡೆಯುತ್ತದೆ, ಬಾತಿನ ಮೊಟ್ಟೆ ಗೂಡಿನಲ್ಲೇ ತಣ್ಣಗಾಗುತ್ತದೆ.

● "ನಿನ್ನೆ ಎದ್ದ ಮರಿ ಸ್ವಾಮಿ" ಎಂದು ಮಾರುವವನು ಹೇಳಿದರೆ ಕೊಕ್ಕಿನ ತುದಿ ನೋಡಿ. ಚಿಪ್ಪು ಒಡೆಯಲು ಬೇಕಾದ ಬಿಳಿಯ ಪುಟ್ಟ ಮುಳ್ಳೊಂದು ಅಲ್ಲಿರುತ್ತದೆ, ಒಂದೆರಡು ದಿನಗಳಲ್ಲಿ ಉದುರಿಹೋಗುತ್ತದೆ. ಮುಳ್ಳು ಇದ್ದರೆ ಮಾತು ನಿಜ. ಅದು ಹೋಗಿ, ಬಾಲದ ಗರಿ ಚಿಗುರಿದ್ದರೆ ಆ ಮರಿ ವಾರ ದಾಟಿದೆ ಎಂದುಕೊಳ್ಳಿ. ಯಾವ ಮರಿಯನ್ನು ಯಾವುದರ ಜೊತೆ ಬಿಡಬಹುದು ಎಂಬ ಲೆಕ್ಕಕ್ಕೆ ಇದೇ ಜಾತಕ.

● ಮೊಟ್ಟೆಯಿಂದ ಹೊರಬರುವ ಹೊತ್ತಿಗೆ ಮರಿ ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಲ್ಲಿ ಎರಡು ಮೂರು ದಿನ ಮೇವು ನೀರಿಲ್ಲದೆಯೂ ತಡೆಯಬಲ್ಲದು. ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ಪಾರ್ಸೆಲ್ಲಿನಲ್ಲಿ ಸಾಗಿಸಲು ಒಪ್ಪಿದ್ದು ಇದೇ ಧೈರ್ಯದ ಮೇಲೆ. ಹಾಗೆಂದು ಕಾಯಿಸಬೇಡಿ. ಬೇಗ ಮೇವು ಕೊಟ್ಟಷ್ಟೂ ಆ ಬುತ್ತಿ ಬೇಗ ಕರಗಿ ಮೈಗೆ ಹತ್ತುತ್ತದೆ.

ಬಿಸಿಯ ಪಾಲುಪಟ್ಟಿ

● ಆಗತಾನೇ ಎದ್ದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬಾರದು. ಎರಡು ಮೂರು ವಾರಕ್ಕೆ ಆ ಶಕ್ತಿ ಬರುತ್ತದೆ, ಮೈತುಂಬ ಗರಿ ಬರಲು ಐದಾರು ವಾರ ಬೇಕು. ಅಲ್ಲಿಯ ತನಕ ಬಲ್ಬೇ ತಾಯಿ.

● ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ 21ಕ್ಕೆ ತರುವುದು ವಾಡಿಕೆ. ಈಗ ಲೆಕ್ಕ ಹಾಕಿ. ಮೂರನೇ ವಾರದ ಮರಿಗೆ ಬೇಕಾದದ್ದು 29, ನಿನ್ನೆ ಬಂದದ್ದಕ್ಕೆ 35. ಇಬ್ಬರಿಗೂ ಸರಿಹೋಗುವ ಒಂದೇ ಸಂಖ್ಯೆ ಯಾವ ಥರ್ಮಾಮೀಟರಿನಲ್ಲೂ ಇಲ್ಲ.

● ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನಡಿ ಗುಡ್ಡೆಯಾಗಿ ಕಿರುಚುತ್ತಿದ್ದರೆ ಚಳಿ. ಬಾಯಿ ತೆರೆದು ಗೋಡೆಗೆ ಒತ್ತಿಕೊಂಡಿದ್ದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸರಿದಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿದೆ. ಅಲ್ಲಲ್ಲಿ ಚದುರಿ ಮೇಯುತ್ತ, ಕಾಲು ಚಾಚಿ ಮಲಗಿದ್ದರೆ ಹದವಾಗಿದೆ. ಆದರೆ ವಯಸ್ಸು ಬೆರೆತ ಡಬ್ಬದಲ್ಲಿ ಅರ್ಧ ಮರಿಗಳು ಗುಡ್ಡೆಯಾಗಿ, ಉಳಿದರ್ಧ ಗೋಡೆ ಹಿಡಿದು ನಿಂತಿರುತ್ತವೆ. ನೀವು ಯಾರ ಮಾತು ಕೇಳುತ್ತೀರಿ?

● ಬೆರೆಸಲೇಬೇಕಾದ ಪ್ರಸಂಗ ಬಂದರೆ ಉದ್ದನೆಯ ಜಾಗ ಹುಡುಕಿ. ಬಲ್ಬನ್ನು ನಡುವೆ ತೂಗುಹಾಕದೆ ಒಂದು ತುದಿಗೆ ಹಾಕಿ. ಅಲ್ಲಿ 35 ಇದ್ದರೆ ಇನ್ನೊಂದು ತುದಿಯಲ್ಲಿ ಮನೆಯ ತಂಪು ಇರುತ್ತದೆ. ಚಿಕ್ಕವು ಬಲ್ಬಿನ ಬುಡಕ್ಕೆ, ದೊಡ್ಡವು ತಂಪಿನ ಕಡೆಗೆ ತಾವಾಗಿಯೇ ಹೋಗುತ್ತವೆ. ಬಲ್ಬು ನಡುವೆ ಇರುವ ಸಣ್ಣ ಡಬ್ಬದಲ್ಲಿ ದೊಡ್ಡವಕ್ಕೆ ಓಡಿಹೋಗಲು ಜಾಗವೇ ಇರುವುದಿಲ್ಲ.

● ಬಲ್ಬಿನ ಬದಲು ಬಿಸಿಹಲಗೆ ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ನಾಲ್ಕು ಕಾಲಿನ ಆ ಹಲಗೆಯನ್ನು ಒಂದು ಕಡೆ ತಗ್ಗಿಸಿ ಇನ್ನೊಂದು ಕಡೆ ಎತ್ತರಿಸಿದರೆ ತಗ್ಗಿನಡಿ ಚಿಕ್ಕವು, ಎತ್ತರದಡಿ ದೊಡ್ಡವು ನುಸುಳುತ್ತವೆ. ಹ್ಯಾಟೆಯ ರೆಕ್ಕೆಯೂ ಹಾಗೆಯೇ, ಮೈಗೆ ಹತ್ತಿರ ಹೋದಷ್ಟೂ ತಗ್ಗು, ಹೋದಷ್ಟೂ ಬೆಚ್ಚಗೆ.

● ಥರ್ಮಾಮೀಟರನ್ನು ಗೋಡೆಗೆ ನೇತುಹಾಕುವುದು ಎಲ್ಲರೂ ಮಾಡುವ ತಪ್ಪು. ಅಳೆಯಬೇಕಾದದ್ದು ಮರಿಯ ಬೆನ್ನಿನ ಎತ್ತರದಲ್ಲಿ, ಅಂದರೆ ನೆಲದಿಂದ ಎರಡು ಅಂಗುಲ ಮೇಲೆ. ಅದೂ ಇಲ್ಲದಿದ್ದರೆ ಮರಿಯನ್ನು ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ಪಾದ ತಣ್ಣಗಿದ್ದರೆ ನೆಲ ತಣ್ಣಗಿದೆ. ಈಜಿಪ್ಟಿನ ಹಳೆಯ ಮೊಟ್ಟೆಗೂಡುಗಳಲ್ಲಿ ಕೆಲಸಗಾರರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿ ಬಿಸಿ ನೋಡುತ್ತಿದ್ದರು. ಸಾವಿರಾರು ಮೊಟ್ಟೆ, ಒಂದೂ ಥರ್ಮಾಮೀಟರಿಲ್ಲ.

● ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ನನ್ನ ಪಾಠ ಹೀಗೆ ಆಯಿತು: 60 ವ್ಯಾಟಿನ ಹಳೆ ಬಲ್ಬು ರಾತ್ರಿ ಎಂಟಕ್ಕೆ ಸುಟ್ಟುಹೋಯಿತು. ಅಂಗಡಿಯವನು "ಈಗ ಇದೇ ಸಾರ್ ಬರೋದು, ಅದಕ್ಕಿಂತ ಬೆಳಕು ಜಾಸ್ತಿ" ಎಂದು 9 ವ್ಯಾಟಿನ ಎಲ್‌ಇಡಿ ಕೊಟ್ಟ. ಡಬ್ಬ ಜಗ್ಗನೆ ಬೆಳಗಿತು, ನಾನು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಮೂಲೆಯಲ್ಲಿ ಒಂದೇ ಗುಡ್ಡೆ. ಮೇಲಿದ್ದವು ಮೂರು ವಾರದವು, ಬಿಸಿ ಹುಡುಕುತ್ತ ಹತ್ತಿ ಕೂತಿದ್ದವು. ಅಡಿಯಲ್ಲಿದ್ದ ಎರಡು ಚಿಕ್ಕವು ಚಪ್ಪಟೆಯಾಗಿದ್ದವು. ಚಳಿಗಿಂತ ಅಣ್ಣಂದಿರ ತೂಕವೇ ಅವನ್ನು ಕೊಂದಿತ್ತು.

● ತಾಯಿಕೋಳಿ ತುಳಿದು ಮರಿ ಸಾಯುವುದಿಲ್ಲ ಎಂಬುದು ನಮ್ಮ ಗಾದೆ. ತಾಯಿ ಕಾಲಿಡುವ ಮುನ್ನ ತಡವರಿಸುತ್ತದೆ. ಅಣ್ಣ ಮರಿಗೆ ಆ ಜ್ಞಾನವಿಲ್ಲ.

● ಕೋಳಿ ಫಾರಂಗಳಲ್ಲಿ ಮರಿಗಳ ಸುತ್ತ ಒಂದೂವರೆ ಅಡಿ ಎತ್ತರದ ತಗಡನ್ನೋ ರಟ್ಟನ್ನೋ ದುಂಡಗೆ ನಿಲ್ಲಿಸುವುದನ್ನು ನೋಡಿರುತ್ತೀರಿ. ಅದು ಚಿಕ್ ಗಾರ್ಡ್. ದುಂಡಗಿರಲು ಕಾರಣ ಒಂದೇ, ದುಂಡಿಗೆ ಮೂಲೆಯಿಲ್ಲ. ಮೂಲೆಯಿಲ್ಲದಿದ್ದರೆ ಗುಡ್ಡೆಯೂ ಬೀಳುವುದಿಲ್ಲ. ರಟ್ಟಿನ ಡಬ್ಬವೇ ಗತಿಯಾದರೆ ನಾಲ್ಕು ಮೂಲೆಗೂ ರಟ್ಟಿನ ಚೂರು ಬಾಗಿಸಿ ಸಿಕ್ಕಿಸಿ.

● ಕರೆಂಟು ಹೋದಾಗ ಇದ್ದಿಲು ಒಲೆ ಇಡುವವರುಂಟು. ಬಾಗಿಲು ಕಿಟಕಿ ಬಿಗಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮರಿಗೂ ಅಪಾಯ, ಪಕ್ಕದಲ್ಲಿ ಮಲಗಿದವರಿಗೂ ಅಪಾಯ. ಬಿಸಿನೀರು ತುಂಬಿದ ಬಾಟಲಿಗೆ ಗೋಣಿ ಸುತ್ತಿ ಇಟ್ಟರೆ ಒಂದೆರಡು ಗಂಟೆ ತಳ್ಳಬಹುದು.

● 250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬನ್ನು ವೈರಿನಲ್ಲೇ ನೇತುಹಾಕಬೇಡಿ, ಸರಪಳಿಯಲ್ಲಿ ಕಟ್ಟಿ. ಕೆಳಗಿರುವುದು ಒಣ ಹೊಟ್ಟು. ದೊಡ್ಡ ಮರಿ ರೆಕ್ಕೆ ಬಡಿದು ಹಾರಿ ಬಲ್ಬಿಗೆ ತಾಗುವ ವಯಸ್ಸು ಎರಡನೇ ವಾರಕ್ಕೇ ಶುರು.

ಒಂದು ವಾರದ ತೂಕ

● ಬ್ರಾಯ್ಲರ್ ಮರಿ ಹುಟ್ಟಿದಾಗ 40 ಗ್ರಾಂ ಚಿಲ್ಲರೆ. ಏಳೇ ದಿನದಲ್ಲಿ ಅದರ ನಾಲ್ಕು ಪಟ್ಟು ದಾಟುತ್ತದೆ. ನಾಟಿ ಮರಿ ಅದೇ ಏಳು ದಿನದಲ್ಲಿ ಎರಡು ಪಟ್ಟಾದರೆ ಹೆಚ್ಚು. ಆದ್ದರಿಂದ "ಒಂದು ವಾರ ವ್ಯತ್ಯಾಸ ತಾನೆ" ಎಂಬ ಮಾತು ನಾಟಿಗೆ ನಡೆದೀತು, ಬ್ರಾಯ್ಲರಿಗೆ ನಡೆಯದು. ಬೆರೆಸುವಾಗ ದಿನ ಎಣಿಸಿದರೆ ಸಾಲದು, ಕೈಯಲ್ಲಿ ಎತ್ತಿ ತೂಗಿ ನೋಡಬೇಕು.

● ಮೊಟ್ಟೆ ಒಡೆದು ಬಂದ ಗೌಜಲಕ್ಕಿ ಮರಿ 7ರಿಂದ 8 ಗ್ರಾಂ, ಹೆಬ್ಬೆರಳಿನಷ್ಟು ಉದ್ದ. ಅದನ್ನು ಕೋಳಿಮರಿಯ ಜೊತೆ, ಅದು ಅದೇ ದಿನದ್ದಾದರೂ ಸರಿಯೆ, ಬಿಡಬಾರದು. ಕೋಳಿಮರಿಯ ಕಾಲು ಅದಕ್ಕೆ ಒನಕೆ, ಕೋಳಿಮರಿಯ ನೀರಿನ ತಟ್ಟೆ ಅದಕ್ಕೆ ಕೆರೆ.

● ಮೊದಲ ನಾಲ್ಕು ವಾರ ಮರಿಯೊಂದಕ್ಕೆ ಅರ್ಧ ಚದರಡಿ ಜಾಗ, ಅಲ್ಲಿಂದ ಎಂಟನೇ ವಾರದವರೆಗೆ ಒಂದು ಚದರಡಿ. ಎರಡು ವಯಸ್ಸು ಬೆರೆತಿದ್ದರೆ ದೊಡ್ಡದರ ಲೆಕ್ಕವನ್ನೇ ಎಲ್ಲಕ್ಕೂ ಹಾಕಿ.

● ಹೆಬ್ಬಾಳದ ಕೋಳಿ ವಿಜ್ಞಾನಿಗಳು ಹಿತ್ತಲಿಗೆಂದು ರೂಪಿಸಿದ ಗಿರಿರಾಜ, ನಾಟಿಗಿಂತ ಬೇಗ ಮೈ ತುಂಬಿಕೊಳ್ಳುತ್ತದೆ. ಒಂದೇ ದಿನ ಎದ್ದ ನಾಟಿ ಮರಿಯನ್ನೂ ಗಿರಿರಾಜ ಮರಿಯನ್ನೂ ಒಟ್ಟಿಗೆ ಬಿಟ್ಟರೆ ತಿಂಗಳೊಳಗೆ ಅವೆರಡೂ ಒಂದೇ ವಯಸ್ಸಿನವು ಎಂದರೆ ಯಾರೂ ನಂಬುವುದಿಲ್ಲ.

● ಇಂದಿನ ಬ್ರಾಯ್ಲರ್ ಉದ್ಯಮದ ಮೂಲದಲ್ಲಿ ಒಂದು ಎಡವಟ್ಟಿದೆ. 1923ರಲ್ಲಿ ಅಮೆರಿಕದ ಡೆಲವೇರಿನ ಗೃಹಿಣಿ ಸೆಸಿಲ್ ಸ್ಟೀಲ್ ಮೊಟ್ಟೆಗೆಂದು 50 ಮರಿ ಕೇಳಿದ್ದರು, ಬಂದದ್ದು 500. ಹಿಂದಿರುಗಿಸದೆ 16 ಅಡಿ ಚದರದ ಷೆಡ್ಡು ಕಟ್ಟಿಸಿ ಸಾಕಿದರು. 18 ವಾರದ ಮೇಲೆ ಉಳಿದ 387 ಕೋಳಿಗಳನ್ನು ಪೌಂಡಿಗೆ 62 ಸೆಂಟಿನಂತೆ ಮಾಂಸಕ್ಕೆ ಮಾರಿದರು. ಒಟ್ಟಿಗೆ ಬಂದ, ಒಟ್ಟಿಗೆ ಬೆಳೆದ, ಒಟ್ಟಿಗೆ ಹೋದ ಗುಂಪು. ಫಾರಂಗಳು ಇವತ್ತಿಗೂ ನಡೆಯುವುದು ಅದೇ ದಾರಿಯಲ್ಲಿ.

ನೀರು, ಮೇವು, ನೆಲ

● ನೀರಿನ ಅಂಚು ಮರಿಯ ಬೆನ್ನಿನ ಮಟ್ಟಕ್ಕಿರಬೇಕು. ಮೂರು ವಾರದ ಮರಿಯ ಬೆನ್ನಿಗೆ ಹೊಂದಿಸಿದರೆ ಹೊಸಬನ ಕೊಕ್ಕು ಎಟುಕದು, ಹೊಸಬನಿಗೆ ಹೊಂದಿಸಿದರೆ ದೊಡ್ಡದು ಅದರೊಳಗೆ ಹೊಟ್ಟು ಕೆದರಿ ಹಾಕುತ್ತದೆ. ಎರಡು ಎತ್ತರದಲ್ಲಿ ಎರಡು ತಟ್ಟೆ, ದೂರದೂರಕ್ಕೆ. ಚಿಕ್ಕವರ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲು ಹಾಕಿಡಿ. ಮರಿ ಮುಳುಗಲು ಅರ್ಧ ಅಂಗುಲ ನೀರು ಸಾಕು.

● ಮರಿ ತಿನ್ನುವ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ನೀರು ಸಿಗದ ಮರಿ ಮೇವನ್ನೂ ಬಿಡುತ್ತದೆ. ಚಿಕ್ಕದು ಸೊರಗುತ್ತಿದ್ದರೆ "ತಿನ್ನುತ್ತಿಲ್ಲ" ಎನ್ನುವ ಮುಂಚೆ ದೊಡ್ಡವು ನೀರಿನ ಹತ್ತಿರ ಬಿಡುತ್ತಿವೆಯೇ ನೋಡಿ.

● ದೂರದಿಂದ ಬಂದ ಮರಿಗೆ ಮೊದಲು ಬೆಲ್ಲದ ನೀರು, ಆಮೇಲೆ ಮೇವು. ಒಂದೊಂದನ್ನೇ ಎತ್ತಿ ಕೊಕ್ಕಿನ ತುದಿಯನ್ನು ನೀರಿಗೆ ಅದ್ದಿ ಬಿಟ್ಟರೆ ಸಾಕು. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ವಯಸ್ಸು ಬೆರೆತ ಡಬ್ಬದ ಒಂದೇ ಒಂದು ಲಾಭ ಇದು: ನೀರೆಲ್ಲಿ, ಮೇವೆಲ್ಲಿ ಎಂದು ದೊಡ್ಡವು ತೋರಿಸಿಕೊಡುತ್ತವೆ.

● ಕತ್ತಿನ ಬುಡದಲ್ಲಿರುವ ಮೇವುಚೀಲವನ್ನು ರಾತ್ರಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಮೆತ್ತಗೆ ತುಂಬಿದ್ದರೆ ಮರಿ ಮೇವನ್ನೂ ನೀರನ್ನೂ ಕಂಡುಕೊಂಡಿದೆ. ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ಖಾಲಿಯಿದ್ದರೆ ಎರಡೂ ಸಿಕ್ಕಿಲ್ಲ. ಬಂದ 24 ಗಂಟೆಯೊಳಗೆ ನೂರಕ್ಕೆ 95 ಮರಿಗಳ ಚೀಲವಾದರೂ ತುಂಬಿರಬೇಕು ಎಂಬುದು ಫಾರಂನವರ ಅಳತೆ.

● ಮೊಟ್ಟೆ ಕೋಳಿಯ ಮೇವನ್ನು ಮರಿಗೆ ಹಾಕಬಾರದು. ಅದರಲ್ಲಿ ಚಿಪ್ಪಿಗೆಂದು ನೂರಕ್ಕೆ 3.5ರಿಂದ 4ರಷ್ಟು ಸುಣ್ಣದಂಶವಿರುತ್ತದೆ, ಮರಿಗೆ ಬೇಕಾದದ್ದು 1ರ ಆಸುಪಾಸು. ಹೆಚ್ಚಾದದ್ದು ಮೂತ್ರಪಿಂಡ ಕೆಡಿಸುತ್ತದೆ. ದೊಡ್ಡವು ಚಿಕ್ಕವು ಒಟ್ಟಿಗಿದ್ದರೆ ಎಲ್ಲರಿಗೂ ಮರಿಮೇವನ್ನೇ ಹಾಕಿ, ಮೊಟ್ಟೆ ಇಡುವವಕ್ಕೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ.

● ಮೊದಲ ದಿನ ಹೊಟ್ಟಿನ ಮೇಲೆ ಕಾಗದ ಹಾಸುವುದು ಒಳ್ಳೆಯದು, ಇಲ್ಲದಿದ್ದರೆ ಮರಿ ಹೊಟ್ಟನ್ನೇ ತಿನ್ನುತ್ತದೆ. ಆದರೆ ನುಣುಪು ಕಾಗದದ ಮೇಲೆ ಎಳೆಕಾಲು ಜಾರಿ, ತೊಡೆ ಎರಡೂ ಕಡೆಗೆ ಸೀಳಿಕೊಂಡು ಮರಿ ಎದ್ದೇಳದಂತಾಗುತ್ತದೆ. ಒರಟು ಕಾಗದವೋ ಹಳೆಯ ಹತ್ತಿಬಟ್ಟೆಯೋ ಹಾಸಿ.

ಕಾಣದ ಬಳುವಳಿ

● ವಯಸ್ಸು ಬೆರೆಸಬೇಡಿ ಎನ್ನಲು ಮುಖ್ಯ ಕಾರಣ ಕುಕ್ಕಾಟವಲ್ಲ, ಹಿಕ್ಕೆ. ರಕ್ತಭೇದಿ ತರುವ ಐಮೀರಿಯಾ ಎಂಬ ಸೂಕ್ಷ್ಮಜೀವಿಯನ್ನು ದೊಡ್ಡ ಮರಿಗಳು ಸ್ವಲ್ಪಸ್ವಲ್ಪವಾಗಿ ನುಂಗಿ ಅರಗಿಸಿಕೊಂಡಿರುತ್ತವೆ. ನೋಡಲು ಲಕಲಕ ಎನ್ನುತ್ತಿದ್ದರೂ ಹಿಕ್ಕೆಯಲ್ಲಿ ಅದನ್ನು ಹೊರಹಾಕುತ್ತಲೇ ಇರುತ್ತವೆ. ಹೊಸ ಮರಿ ಮೊದಲ ದಿನವೇ ಆ ಹೊಟ್ಟನ್ನು ಕುಕ್ಕುತ್ತದೆ, ಸ್ವಲ್ಪಸ್ವಲ್ಪವಲ್ಲ, ಒಮ್ಮೆಗೇ ಹೊಟ್ಟೆತುಂಬ.

● ಹಿಕ್ಕೆಯಲ್ಲಿ ಬಿದ್ದ ಐಮೀರಿಯಾ ಕೂಡಲೇ ರೋಗ ತರುವುದಿಲ್ಲ. ಬಿಸಿಯೂ ತೇವವೂ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ನೀರಿನ ತಟ್ಟೆಯ ಸುತ್ತ ನೆನೆದ ಹೊಟ್ಟು, ಮೇಲೆ ಬಲ್ಬು. ಅದಕ್ಕೆ ಬೇಕಾದದ್ದನ್ನೆಲ್ಲ ನಾವೇ ಒದಗಿಸಿದಂತೆ. ಒದ್ದೆಯಾದಷ್ಟು ಹೊಟ್ಟನ್ನು ದಿನವೂ ಬಾಚಿ ತೆಗೆದರೆ ಅರ್ಧ ರೋಗ ಅಲ್ಲೇ ಹೋಯಿತು.

● ಈ ರೋಗಕ್ಕೆ ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಔಷಧ, ನೋಟದಲ್ಲಿ ಬಿ1 ಜೀವಸತ್ವದ ಅವಳಿ. ಸೂಕ್ಷ್ಮಜೀವಿ ಅದನ್ನೇ ಬಿ1 ಎಂದು ನಂಬಿ ನುಂಗಿ ಉಪವಾಸ ಬೀಳುತ್ತದೆ. ಆದ್ದರಿಂದ ಔಷಧದ ದಿನಗಳಲ್ಲಿ "ಶಕ್ತಿ ಬರಲಿ" ಎಂದು ಬಿ-ಕಾಂಪ್ಲೆಕ್ಸ್ ಟಾನಿಕ್ ಬೆರೆಸಿದರೆ ಶಕ್ತಿ ಬರುವುದು ಶತ್ರುವಿಗೆ.

● ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವಿವರಿಸಿದ ಮಾರೆಕ್ಸ್ ರೋಗದ ವೈರಸ್ಸು ಗರಿಯ ಬುಡದಿಂದ ಉದುರುವ ಹೊಟ್ಟಿನಂಥ ದೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹುಟ್ಟಿದ ದಿನವೇ ಲಸಿಕೆ ಹಾಕುತ್ತಾರೆ. ಅದು ಕಾಪಾಡಲು ಶುರುಮಾಡಲು ಒಂದು ವಾರವಾದರೂ ಬೇಕು. ಇನ್ನೊಂದು ಸಂಗತಿ: ಲಸಿಕೆ ರೋಗವನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡ ದೊಡ್ಡ ಮರಿಯೂ ದೂಳಿನಲ್ಲಿ ಅದನ್ನು ಹಂಚಬಲ್ಲದು.

● ನಮ್ಮ ಕಡೆ ಕೊಕ್ಕರೆ ರೋಗ ಎನ್ನುವುದಕ್ಕೆ ಪುಸ್ತಕದ ಹೆಸರು ರಾಣಿಖೇತ್. ಉತ್ತರಾಖಂಡದ ಆ ಗಿರಿಧಾಮದ ಹೆಸರು 1927ರಲ್ಲಿ ಅಂಟಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡಿದ್ದರಿಂದ ಲೋಕದ ಬೇರೆಡೆ ನ್ಯೂಕ್ಯಾಸಲ್ ರೋಗ. ಮೊದಲ ಲಸಿಕೆ 5ರಿಂದ 7ನೇ ದಿನ, ಕಣ್ಣಿಗೊಂದು ತೊಟ್ಟು.

● ಗಂಬೊರೊ ರೋಗಕ್ಕೂ ಊರಿನದೇ ಹೆಸರು. 1962ರಲ್ಲಿ ವರದಿಯಾದ ಅದು ಡೆಲವೇರಿನ ಗಂಬೊರೊದಲ್ಲಿ ಕಂಡದ್ದು. ಮರಿಯ ಹಿಂಭಾಗದಲ್ಲಿರುವ ಬರ್ಸಾ ಎಂಬ ಪುಟ್ಟ ಚೀಲವನ್ನು ಅದು ಹಾಳುಮಾಡುತ್ತದೆ. ರೋಗದೊಡನೆ ಹೋರಾಡುವ ಕಣಗಳು ತಯಾರಾಗುವುದು ಅಲ್ಲೇ. ನಮ್ಮ ರಕ್ತದಲ್ಲಿರುವ "ಬಿ" ಕಣಗಳ ಹೆಸರಿನ "ಬಿ" ಬಂದದ್ದು ಕೋಳಿಯ ಈ ಬರ್ಸಾದಿಂದ!

● ಹುಟ್ಟಿದ ದಿನ ಒಂದು, ವಾರಕ್ಕೊಂದು, ಎರಡು ವಾರಕ್ಕೆ ಇನ್ನೊಂದು. ಹೀಗೆ ಲಸಿಕೆಯ ಪಂಚಾಂಗ ನಡೆಯುವುದು ವಯಸ್ಸಿನ ಮೇಲೆ. ಮೂರು ವಯಸ್ಸಿನ ಮರಿ ಒಂದೇ ಡಬ್ಬದಲ್ಲಿದ್ದರೆ ಯಾವುದಕ್ಕೆ ಹಾಕಿದ್ದಾಯಿತು, ಯಾವುದಕ್ಕೆ ಬಾಕಿ? ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಬಿಚ್ಚಿ ಕಟ್ಟಿ. ಕಾಲು ದಪ್ಪವಾಗುತ್ತದೆ, ದಾರ ಆಗುವುದಿಲ್ಲ.

● ಕೋಳಿಯ ಕುರುಡು ಕರುಳಿನಲ್ಲಿರುವ ಸೀಕಲ್ ಹುಳು ಕೋಳಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಆದರೆ ಅದರ ಮೊಟ್ಟೆಯೊಳಗೆ ಕೂತು ಬರುವ ಇನ್ನೊಂದು ಜೀವಿ ಟರ್ಕಿಯ ಪಿತ್ತಜನಕಾಂಗವನ್ನೇ ತಿನ್ನುತ್ತದೆ. ಕೋಳಿ ಓಡಾಡಿದ ನೆಲದಲ್ಲಿ ಟರ್ಕಿ ಮರಿ ಬಿಡಬಾರದು ಎನ್ನುವುದು ಇದಕ್ಕೇ.

● ಎರಡು ಗುಂಪು ಬೇರೆಬೇರೆ ಇದ್ದರೂ ಮೇವು ಹಾಕುವ ಕೈ ಒಂದೇ ತಾನೆ? ಮೊದಲು ಚಿಕ್ಕವನ್ನು ನೋಡಿ, ಆಮೇಲೆ ದೊಡ್ಡವನ್ನು. ಈ ಸಾಲು ತಪ್ಪಿದರೆ ಬೇಲಿಗೆ ಅರ್ಥವಿಲ್ಲ, ರೋಗ ನಿಮ್ಮ ಚಪ್ಪಲಿಯಲ್ಲೇ ಬರುತ್ತದೆ.

● ಡಬ್ಬದ ವಾಸನೆಯನ್ನು ನಿಂತು ನೋಡಬೇಡಿ, ಮಂಡಿಯೂರಿ ಮರಿಯ ಎತ್ತರಕ್ಕೆ ಮೂಗು ತನ್ನಿ. ಕಣ್ಣು ಚುರುಗುಟ್ಟಿದರೆ ಅಮೋನಿಯಾ ಹೆಚ್ಚಾಗಿದೆ. ದೊಡ್ಡವರ ಹಿಕ್ಕೆಯ ಘಾಟನ್ನು ನೆಲಕ್ಕೆ ಹತ್ತಿರವಿರುವ ಚಿಕ್ಕವರು ಉಸಿರಾಡುತ್ತಿರುತ್ತಾರೆ.

ಕುಕ್ಕಿನ ರಾಜಕೀಯ

● "ಕುಕ್ಕುವ ಸಾಲು" ಎಂಬುದನ್ನು ವಿಜ್ಞಾನಕ್ಕೆ ತಂದವರು ನಾರ್ವೆಯ ಥೋರ್ಲೀಫ್ ಷೆಲ್ಡೆರಪ್-ಎಬ್ಬೆ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಬಾಲ್ಯದಿಂದಲೇ ಬರೆದಿಟ್ಟುಕೊಳ್ಳುತ್ತಿದ್ದ ಅವರು 1920ರ ದಶಕದ ಆರಂಭದಲ್ಲಿ ಅದನ್ನು ಪ್ರಬಂಧವಾಗಿಸಿದರು. ಮರಿಗಳಲ್ಲಿ ಈ ಸಾಲು ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಬಂದವನ ಜಾಗ ಸಾಲಿನ ಕೊನೆ.

● ಎಳೆಮರಿ ಹೊಳೆಯುವುದನ್ನೆಲ್ಲ ಕುಕ್ಕಿ ನೋಡುತ್ತದೆ: ಕಣ್ಣು, ಕಾಲ್ಬೆರಳು, ಒಣಗದ ಹೊಕ್ಕುಳು. ಒಂದೇ ವಯಸ್ಸಿನವರಲ್ಲಿ ಅದು ಆಟ. ಎರಡು ವಾರದ ಕೊಕ್ಕಿಗೆ ಅದೇ ಆಟ ಗಾಯ. ರಕ್ತದ ಚುಕ್ಕೆ ಕಂಡರೆ ಇಡೀ ಗುಂಪು ಮುಗಿಬೀಳುತ್ತದೆ. ಕೆಂಪು ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಕೆಂಪಾಗಿ ರಕ್ತ ಎದ್ದು ಕಾಣುವುದಿಲ್ಲ. ಗಾಯವಾದ ಮರಿಯನ್ನು ಆ ಕ್ಷಣವೇ ಹೊರತೆಗೆಯಿರಿ, ಒಣಗಿದ ಮೇಲಷ್ಟೇ ಮತ್ತೆ ಬಿಡಿ.

● ಒಂದೇ ಒಂದು ಮರಿಯನ್ನು ದೊಡ್ಡ ಗುಂಪಿಗೆ ಬಿಡಬೇಡಿ. ಇಟಲಿಯ ವಿಜ್ಞಾನಿಗಳು ಎಳೆಮರಿಗಳ ಮುಂದೆ ಅವು ಒಡನಾಡಿಗಳೆಂದೇ ನಂಬಿದ್ದ ಸಣ್ಣ ಚೆಂಡುಗಳನ್ನು ಎರಡು ಪರದೆಗಳ ಹಿಂದೆ ಒಂದೊಂದಾಗಿ ಅಡಗಿಸಿದರು. ಹೆಚ್ಚು ಚೆಂಡು ಇರುವ ಪರದೆಯತ್ತ ಮರಿಗಳು ನಡೆದವು. 2009ರ ಆ ಪ್ರಯೋಗದ ಮರಿಗಳಿಗೆ ಲೆಕ್ಕ ಕಲಿಸಿದವರಿಲ್ಲ, ಗುಂಪು ದೊಡ್ಡದಿದ್ದಲ್ಲಿ ಕ್ಷೇಮ ಎಂಬುದು ಹುಟ್ಟಿನಿಂದಲೇ ಗೊತ್ತು. ಹೊಸಬರು ಎರಡು ಮೂರಾದರೂ ಇದ್ದರೆ ಏಟು ಹಂಚಿಹೋಗುತ್ತದೆ, ಧೈರ್ಯವೂ ಉಳಿಯುತ್ತದೆ.

● ಬೆರೆಸುವ ಮುನ್ನ ನಡುವೆ ಕೋಳಿ ಜಾಲರಿ ಕಟ್ಟಿ ಒಂದು ವಾರ ಬಿಡಿ. ನೋಡಬಹುದು, ಮುಟ್ಟಲಾಗದು. ಆಮೇಲೆ ಜಾಲರಿಯ ಬುಡದಲ್ಲಿ ಚಿಕ್ಕವು ಮಾತ್ರ ನುಸುಳುವಷ್ಟು ಕಿಂಡಿ ಮಾಡಿ. ಹೊಡೆತ ಬಿದ್ದರೆ ಓಡಿ ಬರಲು ಅವಕ್ಕೊಂದು ತವರು ಇರಬೇಕು.

● ಒಂದು ವಾರದೊಳಗಿನ ಅಂತರವಾದರೆ ಕಣ್ಣಿಟ್ಟು ಬೆರೆಸಬಹುದು. ಎರಡು ವಾರ ಮೀರಿದರೆ ಇನ್ನೊಂದು ಡಬ್ಬ, ಇನ್ನೊಂದು ಬಲ್ಬು. ಒಂದು ಬಲ್ಬಿನ ಕರೆಂಟು ಉಳಿಸಲು ಹೋಗಿ ಐದು ಮರಿಯ ದುಡ್ಡು ಕಳೆದವರಲ್ಲಿ ನಾನೂ ಒಬ್ಬ.

ತಾಯಿಯ ಕಾಯ್ದೆ

● ದೊಡ್ಡ ಫಾರಂಗಳ ಮಂತ್ರ "ಎಲ್ಲ ಒಳಗೆ, ಎಲ್ಲ ಹೊರಗೆ". ಒಂದೇ ದಿನದ ಮರಿ ತುಂಬು, ಒಂದೇ ದಿನ ಖಾಲಿ ಮಾಡು, ತೊಳೆದು ಸುಣ್ಣ ಬಳಿದು ಕೆಲವು ದಿನ ಷೆಡ್ಡನ್ನು ಒಣಗಲು ಬಿಡು, ಮತ್ತೆ ತುಂಬು. ಆಧುನಿಕ ಶೋಧ ಎನ್ನುತ್ತಾರೆ. ಹಿತ್ತಲ ಹ್ಯಾಟೆ ಮಾಡುವುದೂ ಇದನ್ನೇ: ಒಂದು ಗೂಡು, ಒಂದು ವಯಸ್ಸು, ಮರಿ ಎದ್ದ ಮೇಲೆ ಆ ಗೂಡಿನ ಕಡೆ ತಿರುಗಿ ನೋಡುವುದಿಲ್ಲ.

● ಮೊದಲ ಮರಿ ಎದ್ದ ಒಂದೆರಡು ದಿನದೊಳಗೆ ಹ್ಯಾಟೆ ಗೂಡು ಬಿಡುತ್ತದೆ. ಒಡೆಯದ ಮೊಟ್ಟೆಯಲ್ಲಿ ಜೀವವಿದ್ದರೂ ಕಾಯುವುದಿಲ್ಲ. ಕ್ರೂರವೆನ್ನಿಸಬಹುದು. ಹನ್ನೊಂದು ಮರಿ ಹಸಿದು ನಿಂತಿರುವಾಗ ಹನ್ನೆರಡನೆಯದಕ್ಕಾಗಿ ಕೂರುವುದು ಅದರ ಲೆಕ್ಕದಲ್ಲಿಲ್ಲ.

● ಕೊನೆಯದಾಗಿ, ಮಂಡ್ಯ ಸೀಮೆಯ ನಮ್ಮಜ್ಜಿ ಮಾಡುತ್ತಿದ್ದದ್ದು. ಹ್ಯಾಟೆ ಬಿಟ್ಟುಹೋದ ಮೊಟ್ಟೆಯನ್ನು ಕಿವಿಗೆ ಹಿಡಿಯುತ್ತಿದ್ದಳು. ಒಳಗೆ ಚಿಂವ್ ಅಂದರೆ ಹಳೆ ಸೀರೆಯ ಚೂರಿನಲ್ಲಿ ಸುತ್ತಿ, ಒಲೆ ಮಗ್ಗುಲಿನ ಬೆಚ್ಚನೆಯ ಮಡಕೆಯಲ್ಲಿ ಇಡುತ್ತಿದ್ದಳು. ಮರಿ ಎದ್ದು ಮೈ ಒಣಗಿದ ರಾತ್ರಿ, ಬುಡ್ಡಿ ಆರಿಸಿ, ಕುಕ್ಕೆ ಎತ್ತಿ, ನಿದ್ದೆಗಣ್ಣಿನ ಹ್ಯಾಟೆಯ ಎದೆಯಡಿಗೆ ಅದನ್ನು ಹಿಂದಿನಿಂದ ತಳ್ಳುತ್ತಿದ್ದಳು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಅಷ್ಟಕ್ಕಷ್ಟೇ. "ಬೆಳಿಗ್ಗೆ ಹೊತ್ಗೆ ತಂದೇ ಅಂದ್ಕತದೆ ಕಣ್ಲಾ. ಆದ್ರೆ ಎಲ್ಲಾ ಒಂದೇ ಅಳತೇಲಿರ್ಬೇಕು" ಎನ್ನುತ್ತಿದ್ದಳು. ಬೆಳಿಗ್ಗೆ ಕುಕ್ಕೆ ಎತ್ತಿದರೆ ಹನ್ನೆರಡು ಮರಿ ಸಾಲಾಗಿ ತಿಪ್ಪೆಯ ಕಡೆ ಹೊರಡುತ್ತಿದ್ದವು. ಹನ್ನೊಂದಿದ್ದದ್ದು ಹನ್ನೆರಡಾಗಿದೆ ಎಂದು ಹ್ಯಾಟೆಗೆ ತಿಳಿಯುತ್ತಲೇ ಇರಲಿಲ್ಲ. ಮೂರು ವಾರದ ಮರಿಯೊಂದನ್ನು ಸೇರಿಸಿದ್ದರೆ ಕುಕ್ಕೆಯಿಂದ ಈಚೆ ಬರುವ ಮೊದಲೇ ತಿಳಿದಿರುತ್ತಿತ್ತು.